ಹಳೇ ಸರ್ವರ್ ಗುಜರಿಗೆ ಹಾಕೋ ಮುಂಚೆ
2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರದಿಂದ ಹೊರಬರುವುದಾಗಿ ಘೋಷಿಸಿತು. ಎಐ ಡೇಟಾ ಸೆಂಟರ್‌ಗಳಿಗೇ ಮೆಮೊರಿ ಸಾಲುತ್ತಿಲ್ಲ, ಸಣ್ಣ ಗಿರಾಕಿಯನ್ನು ಕೇಳೋರ್ಯಾರು? ರ‍್ಯಾಮ್, ಎಸ್‌ಎಸ್‌ಡಿ ಎರಡೂ ತುಟ್ಟಿಯಾಗಿರುವ ಈ ಹೊತ್ತಲ್ಲಿ ಕಾಲೇಜುಗಳು, ಸಹಕಾರ ಸಂಘಗಳು ಹತ್ತು ವರ್ಷದ ಸರ್ವರ್ ಎಸೆದು ಹೊಸದು ತರುವುದು ದುಂದು ಅಂತಲೇ ನಾನು ಹೇಳ್ತೀನಿ. ಹಳೆಯದರಲ್ಲಿ ರ‍್ಯಾಮ್ ಆಗಲೇ ಇದೆ. ಕೊಳ್ಳಬೇಕಿರೋದು ಡ್ರೈವ್ ಮಾತ್ರ.

ಆದರೆ ಸುಮ್ಮನೆ ತುರುಕಿದರೆ ಸಾಲದು. ಸಾಟಾ-2 ಪೋರ್ಟ್ ಸೆಕೆಂಡಿಗೆ 300 ಎಂಬಿ ದಾಟಲ್ಲ. 550 ಎಂಬಿ ಡ್ರೈವ್‌ನ ಅರ್ಧ ಓಟ ಅಲ್ಲೇ ಹೋಯ್ತು. ಹಾಗಂತ ಕೈಚೆಲ್ಲಬೇಕಿಲ್ಲ. ಡೇಟಾಬೇಸ್ ಕೆಲಸವೆಲ್ಲ ಅಲ್ಲಿಷ್ಟು ಇಲ್ಲಿಷ್ಟು ಓದಿ ಬರೆಯೋದು. ಹಾರ್ಡ್‌ಡಿಸ್ಕ್ ಅದನ್ನು ಸೆಕೆಂಡಿಗೆ ನೂರಿನ್ನೂರು ಸಲ ಮಾಡಿ ಏದುಸಿರು ಬಿಟ್ಟರೆ, ಎಸ್‌ಎಸ್‌ಡಿ ಹಳೇ ಪೋರ್ಟ್‌ನಲ್ಲೂ ಸಾವಿರಾರು ಸಲ ಮಾಡುತ್ತೆ. ಇನ್ನೂ ವೇಗ ಬೇಕಾ? ಖಾಲಿ ಪಿಸಿಐಇ ಸ್ಲಾಟ್‌ಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂರಿಸಿ. ಹಳೇ ಬಯಾಸ್ ಅದರಿಂದ ಬೂಟ್ ಆಗದಿದ್ದರೆ ಬೂಟನ್ನು ಸಾಟಾ ಡಿಸ್ಕಿಗೇ ಬಿಡಿ.

ನನಗೆ ಜಾಸ್ತಿ ಅನುಮಾನ ರೇಡ್ ಕಾರ್ಡ್ ಮೇಲೆ. ಹಳೇ ಕಾರ್ಡುಗಳಲ್ಲಿ ಹಲವು ಟ್ರಿಮ್ ಆದೇಶವನ್ನು ಡ್ರೈವ್‌ಗೆ ದಾಟಿಸಲ್ಲ. ಅಳಿಸಿದ ಜಾಗ ಖಾಲಿಯಾಗಿದೆ ಅಂತ ಡ್ರೈವ್‌ಗೆ ಗೊತ್ತೇ ಆಗಲ್ಲ, ಬರಬರುತ್ತಾ ಬರೆಯೋದು ನಿಧಾನವಾಗುತ್ತೆ. ಡ್ರೈವ್ ಹೊಸದಿರುವಾಗಲೇ ಶೇ 10–20 ಜಾಗ ಪಾರ್ಟಿಷನ್ ಮಾಡದೆ ಬಿಟ್ಟರೆ ಎಷ್ಟೋ ವಾಸಿ. ಕಾರ್ಡನ್ನು ಎಚ್‌ಬಿಎ ಮೋಡ್‌ಗೆ ಹಾಕೋಕಾದರೆ ಇನ್ನೂ ಒಳ್ಳೇದು.

ಕರೆಂಟ್ ಕೈಕೊಡೋ ಊರಾದರೆ ಕೆಪಾಸಿಟರ್ ಇರುವ ಎಂಟರ್‌ಪ್ರೈಸ್ ಡ್ರೈವ್ ತಗೊಳ್ಳಿ. ಸೆಕೆಂಡ್‌ಹ್ಯಾಂಡಾದ್ರೂ ಪರವಾಗಿಲ್ಲ, ಸ್ಮಾರ್ಟ್ ರಿಪೋರ್ಟ್‌ನಲ್ಲಿ ಎಷ್ಟು ಸವೆದಿದೆ ಅಂತ ನೋಡಿ ದುಡ್ಡು ಕೊಡಿ.