ಮಳೆಗಾಲದ ತಯಾರಿ ನಿಮ್ಮೊಬ್ಬರದೇ ಕೆಲಸವೇ?

ಮೇ ಮುಗಿಯುತ್ತಾ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗೃಹಿಣಿಯರಿಗೆ ಪುರುಸೊತ್ತೇ ಇಲ್ಲ. ಹಲಸಿನ ಹಪ್ಪಳ ಒಣಗಬೇಕು, ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಬೇಕು, ಬಚ್ಚಲೊಲೆಗೆ ಸೌದೆ ಒಳಗಿಡಬೇಕು. ಜತೆಗೆ ಮಕ್ಕಳ ಯೂನಿಫಾರಂ, ಕೊಡೆ! ಮಕ್ಕಳು ಮಾತ್ರ ರಜೆ ಮುಗಿಯುವವರೆಗೂ ಮೊಬೈಲ್ ಮುಂದೆ.

ಅವರನ್ನೂ ಎಬ್ಬಿಸಿ. ಹಪ್ಪಳ ಒತ್ತಲು ಮಗಳನ್ನಷ್ಟೇ ಕರೆಯಬೇಡಿ, ಮಗನೂ ಕೂರಲಿ. ಸೋರುವ ಹೆಂಚು ನೋಡುವ ಹೊಣೆ ಯಜಮಾನರಿಗಿರಲಿ.

2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದದ್ದು ನೆನಪಿದೆಯಲ್ಲ? ಟಾರ್ಚು, ಹಿರಿಯರ ಮಾತ್ರೆ, ಮನೆಪತ್ರ ಎಲ್ಲಿವೆ ಎಂಬುದು ಮನೆಮಂದಿಗೆಲ್ಲ ಗೊತ್ತಿರಬೇಕು. ಕರೆಂಟು ಹೋದ ರಾತ್ರಿ ನೀವೇ ಜ್ವರ ಬಂದು ಮಲಗಿದ್ದರೆ, ಉಳಿದವರು ಕತ್ತಲಲ್ಲಿ ತಡಕಾಡುವಂತಾಗಬಾರದು ನೋಡಿ!