ಹೊಗೆಯ ತಕ್ಕಡಿ ಯಾರ ಕೈಯಲ್ಲಿ?



ತುಮಕೂರು ಕಡೆಯಿಂದ ಮಾಲು ಹೇರಿಕೊಂಡು ಯಶವಂತಪುರದ ಯಾರ್ಡಿಗೆ ಹೋಗುವ ನೀವು ನೆಲಮಂಗಲ ದಾಟಿದ ಮೇಲೆ ಪೀಣ್ಯ ಹಾದೇ ಹೋಗಬೇಕು. ಅಲ್ಲಿ ಮೂಗಿಗೆ ಟವೆಲ್ ಹಿಡಿದದ್ದೂ ಉಂಟು. ಯಾರ್ಡಿನಲ್ಲಿ ನಿಮ್ಮ ಮೂಟೆ ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. ಇಲ್ಲದಿದ್ದರೆ ದಂಡ. ಸರಿ, ಒಪ್ಪೋಣ. ಆದರೆ ದಾರಿಯಲ್ಲಿ ಕಂಡ ಹೊಗೆಯನ್ನು ತೂಗುವ ತಕ್ಕಡಿ ಯಾವುದು? ಅದಕ್ಕೆ ಮುದ್ರೆ ಒತ್ತಿದವರು ಯಾರು? ಎಂದಾದರೂ ಕೇಳಿದ್ದೀರಾ?

ನಮ್ಮನ್ನು ಅಳೆಯದವರೇ ಇಲ್ಲ. ಬೆಳಗಾದರೆ ಡೇರಿಯಲ್ಲಿ ಹಾಲಿನ ಫ್ಯಾಟು ಅಳೀತಾರೆ. ರಾಗಿ ತಂದರೆ ತೇವಾಂಶ ನೋಡ್ತಾರೆ. ಕಬ್ಬು ಒಯ್ದರೆ ಕಾರ್ಖಾನೆಯದ್ದೇ ತೂಕದ ಸೇತುವೆ, ಕಾರ್ಖಾನೆಯದ್ದೇ ಇಳುವರಿ ಲೆಕ್ಕ. ನಮ್ಮ ಮಾಲನ್ನು ಅಳೆಯುವ ಯಂತ್ರ ಕೊಳ್ಳುವವನ ಕೈಯಲ್ಲಿದೆ. ಕಾರ್ಖಾನೆಯ ಹೊಗೆ ಅಳೆಯುವ ಯಂತ್ರ ಯಾರ ಕೈಯಲ್ಲಿದೆ ಗೊತ್ತೇ? ಅದೇ ಕಾರ್ಖಾನೆಯ ಕೈಯಲ್ಲಿ!

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಒಂದು ಆದೇಶ ಮಾಡಿತು. ಹೆಚ್ಚು ಹೊಲಸು ಬಿಡುವ 17 ಬಗೆಯ ಉದ್ದಿಮೆಗಳು ಹಗಲೂ ರಾತ್ರಿ ಅಳೆಯುವ ಯಂತ್ರ ಕೂರಿಸಬೇಕು, ಅದರ ಅಂಕಿ ನೇರವಾಗಿ ಮಂಡಳಿಗೆ ಹೋಗಬೇಕು ಎಂದು. ಸಿಮೆಂಟು, ಗೊಬ್ಬರ, ಸಕ್ಕರೆ, ಡಿಸ್ಟಿಲರಿ ಎಲ್ಲಾ ಆ ಪಟ್ಟಿಯಲ್ಲಿವೆ. ಆದರೆ ಯಂತ್ರ ಕೊಳ್ಳುವವನೂ, ಒರೆಸಿ ರಿಪೇರಿ ಮಾಡಿಸುವವನೂ ಕಾರ್ಖಾನೆಯವನೇ. ಹೊಗೆಗೂಡಿನ ಅಡ್ಡಕ್ಕೆ ಬೆಳಕು ಹಾಯಿಸಿ, ಅದು ಎಷ್ಟು ಮಂಕಾಯಿತು ಎಂದು ನೋಡಿ ದೂಳನ್ನು ಅಳೆಯುವ ಬಗೆ ಒಂದಿದೆ. ಗಾಜಿಗೆ ಮಸಿ ಹಿಡಿದರೆ ಲೆಕ್ಕ ಕೆಟ್ಟಿತು. ಅನಿಲ ಅಳೆಯುವ ಯಂತ್ರವನ್ನು ಪ್ರಮಾಣ ಗೊತ್ತಿರುವ ಅನಿಲ ಬಿಟ್ಟು ಆಗಾಗ ಸರಿಪಡಿಸಬೇಕು. ಹೊಗೆಗೆ ಹೊರಗಿನ ಗಾಳಿ ಬೆರೆಸಿದರೆ ಅಂಕಿ ತಾನಾಗಿ ಇಳಿಯುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ. ಅದಕ್ಕೇ ಆಮ್ಲಜನಕವನ್ನೂ ಅಳೆದು ಲೆಕ್ಕ ತಿದ್ದಬೇಕು. ನಮ್ಮ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುವ ಸರ್ಕಾರ ಅವರ ಹೊಗೆಗೂ ಇಳಿಬಿಡಬೇಡವೇ?

ಇನ್ನು ಮುದ್ರೆಯ ಮಾತು. ಬಹುಕಾಲ ಈ ಯಂತ್ರಗಳಿಗೆ ಇದ್ದದ್ದು ಜರ್ಮನಿ, ಇಂಗ್ಲೆಂಡಿನ ಸರ್ಟಿಫಿಕೇಟು. ಅಲ್ಲಿನ ಚಳಿಯಲ್ಲಿ ಪಾಸಾದದ್ದು ನಮ್ಮ ಬಿಸಿಲು ದೂಳಿನಲ್ಲಿಯೂ ಸರಿಯಿರುತ್ತದೆ ಎನ್ನಲು ಏನು ಆಧಾರ? 2019ರಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಈ ಯಂತ್ರಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಅಧಿಕಾರ ಕೊಟ್ಟಿತು. ಗಾಳಿ ಕಾಯಿದೆ ಬಂದದ್ದು 1981ರಲ್ಲಿ. ಕಾಯಿದೆಯಾಗಿ 38 ವರ್ಷಕ್ಕೆ ಮುದ್ರೆ ಒತ್ತುವವನು ಸಿಕ್ಕ! ಅದೂ ಸಾಲದು. ಸರ್ಟಿಫಿಕೇಟು ಯಂತ್ರದ ಮಾದರಿಗೆ. ಹೊಗೆಗೂಡಿಗೆ ಕೂರಿಸಿದ ಮೇಲೆ ಅದು ನಿಜ ಹೇಳುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವವರು ಬೇಕು. ವರ್ತಕನ ತಕ್ಕಡಿಗೂ ಅವಧಿ ಮುಗಿದರೆ ಮರುಮುದ್ರೆ ಇದೆಯಲ್ಲ.

ಪೀಣ್ಯದ ಕಥೆ ಇನ್ನೂ ಬೇರೆ. 2018ರಲ್ಲಿ ಕೇಂದ್ರ ಮಂಡಳಿಯೇ ಕೈಗಾರಿಕಾ ಪ್ರದೇಶಗಳ ಗಾಳಿ, ನೀರು, ನೆಲ ನೋಡಿ ಅಂಕ ಹಾಕಿತು. 70 ದಾಟಿದರೆ ಅತಿ ಕಲುಷಿತ. ಪೀಣ್ಯ ದಾಟಿತ್ತು. ಆದರೆ ಅಲ್ಲಿ ತುಂಬಿರುವುದು ಲೋಹಕ್ಕೆ ಮೆರುಗು ಕೊಡುವ, ಎರಕ ಹೊಯ್ಯುವ, ಬಣ್ಣ ಹಚ್ಚುವ ಸಣ್ಣ ಸಣ್ಣ ಘಟಕಗಳು. ಇಂಥವು ಬಹುಪಾಲು 17ರ ಪಟ್ಟಿಗೆ ಬರುವುದೇ ಇಲ್ಲ. ಬಡಾವಣೆಯ ಗಾಳಿ ಅಳೆಯುವ ಮಂಡಳಿಯ ಕೇಂದ್ರ ಪೀಣ್ಯದಲ್ಲಿದೆ, ನಿಜ. ಆದರೆ ಊರಿನ ಗಾಳಿ ಕೆಟ್ಟಿದೆ ಎನ್ನುವ ಯಂತ್ರ, ಕೆಡಿಸಿದವನು ಯಾರು ಎನ್ನುವುದಿಲ್ಲ.

ಇದು ಪಟ್ಟಣದವರ ಚಿಂತೆ, ನಮಗೇನು ಅಂತೀರಾ? ಪೀಣ್ಯವೂ ಒಂದು ಕಾಲಕ್ಕೆ ಹಳ್ಳಿಯೇ. ಈಗ ಶೆಡ್ಡುಗಳು ಅದೇ ರಸ್ತೆ ಹಿಡಿದು ದಾಬಸ್‌ಪೇಟೆ ಮುಟ್ಟಿವೆ. ಗಂಧಕದ ಹೊಗೆಗೆ ಎಲೆ ಸುಡುತ್ತದೆ. ದೂಳು ಕೂತ ಹಿಪ್ಪುನೇರಳೆ ತಿಂದರೆ ಹುಳು ಸೊರಗುತ್ತದೆ, ಗೂಡು ಹಗುರಾಗುತ್ತದೆ. ಬ್ಯಾಂಕಿನವನು ಕಂತು ಕೇಳಲು ಬಂದಾಗ ಹೊಗೆಯ ಕಥೆ ಕೇಳುತ್ತಾನೆಯೇ? ಬೆಳೆ ಹೋಯಿತು, ಸಾಲ ಉಳಿಯಿತು. 2010ರ ಹಸಿರು ನ್ಯಾಯಮಂಡಳಿ ಕಾಯಿದೆಯಲ್ಲಿ ಪರಿಹಾರ ಕೇಳುವ ಹಕ್ಕಿದೆ, ಐದು ವರ್ಷದೊಳಗೆ ಕೇಳಬೇಕು. ಆದರೆ ಅಲ್ಲಿ ಕಣ್ಣೀರು ನಡೆಯುವುದಿಲ್ಲ, ಅಂಕಿ ಬೇಕು. ಆ ಅಂಕಿ ಕಾರ್ಖಾನೆಯ ಯಂತ್ರದೊಳಗೆ ಕೂತಿದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಪ್ರಮಾಣೀಕರಿಸದ ಯಂತ್ರದ ಲೆಕ್ಕವನ್ನು ಮಂಡಳಿ ಒಪ್ಪಬಾರದು. ಕೂರಿಸಿದ ಯಂತ್ರವನ್ನು ಕಾರ್ಖಾನೆಗೆ ಸಂಬಂಧವಿಲ್ಲದವರು ಹೇಳದೆ ಬಂದು ಪರೀಕ್ಷಿಸಬೇಕು. ಸಣ್ಣ ಘಟಕಗಳ ಹೊಗೆಗೂ ಗುಂಪಾಗಿ ಅಳತೆಯ ಏರ್ಪಾಡಾಗಬೇಕು. ಅಂಕಿ ಜನಕ್ಕೆ ಕಾಣುವಂತೆ ಇಡಿ ಎಂದು ಸುಪ್ರೀಂ ಕೋರ್ಟೇ 2017ರಲ್ಲಿ ಹೇಳಿದೆ. ಅದನ್ನು ಕಾರ್ಖಾನೆಯ ಗೇಟಿನಲ್ಲಿ, ಗ್ರಾಮ ಪಂಚಾಯ್ತಿ ಗೋಡೆಯ ಮೇಲೆ, ಕನ್ನಡದಲ್ಲಿ ಬರೆಸಬೇಕು.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮಾಹಿತಿ ಹಕ್ಕಿನಲ್ಲಿ ಮಂಡಳಿಗೆ ಅರ್ಜಿ ಹಾಕಿ: ನಮ್ಮೂರ ಪಕ್ಕದ ಹೊಗೆಗೂಡಿನಲ್ಲಿ ಯಂತ್ರ ಇದೆಯೇ, ಅದರ ಸರ್ಟಿಫಿಕೇಟು ಯಾರದು, ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಯಾರ್ಡಿನಲ್ಲಿ ತಕ್ಕಡಿಯ ಮುಳ್ಳು ನೋಡದೆ ಮೂಟೆ ಇಳಿಸದ ನಾವು ಈ ತಕ್ಕಡಿಯ ಮುಳ್ಳನ್ನೂ ನೋಡಿಯೇ ತೀರಬೇಕು.