ಮರವಾದರೆ ಕಲೆ, ಉಕ್ಕಾದರೆ ಕೂಲಿ

ಕೈಯಲ್ಲಿ ಕೆತ್ತಿದ ಮರದ ಸ್ಟಾಕ್ ಇರುವ ರೈಫಲ್ ಕಂಡರೆ ಕೈಕೆಲಸದ ಅಭಿಮಾನಿಗಳ ದನಿ ಮೆತ್ತಗಾಗುತ್ತದೆ. ಅದೇ ಜಾಗಕ್ಕೆ ಪ್ಲಾಸ್ಟಿಕ್ ಬಂದರೆ ‘ಮೆಷಿನ್ನಿನ ಮಾಲು’ ಎಂಬ ತಾತ್ಸಾರ. ಆ ಪ್ಲಾಸ್ಟಿಕ್ ಒಂದು ಉಕ್ಕಿನ ಅಚ್ಚಿನೊಳಗಿಂದ ಬಂತು, ಆ ಅಚ್ಚನ್ನು ಯಾರೋ ಕೈಯಲ್ಲಿ ತಿದ್ದಿದರು ಎಂಬುದು ಯಾರ ತಲೆಗೂ ಹೋಗುವುದಿಲ್ಲ. ಹೋಗಬೇಕಾದರೆ ಹೈದರಾಬಾದಿನ ಬಾಲಾನಗರದಂಥ ಅಚ್ಚು ಮಾಡುವ ಊರುಗಳ ಕಡೆ ಕಣ್ಣು ಹಾಯಿಸಬೇಕು.

ಮೊದಲು ಮರದ ಕೆಲಸ. ಭುಜಕ್ಕೆ ಆನಿಸುವ ಬಟ್ಟಿನಿಂದ ಹಿಡಿದು ನಳಿಗೆಯ ಅಡಿಯವರೆಗಿನ ಮರವೇ ಸ್ಟಾಕ್. ಇದಕ್ಕೆ ಹೆಸರಾದದ್ದು ಅಕ್ರೋಟಿನ ಮರ. ಚೆನ್ನಾಗಿ ಒಣಗಿದ ದಿಮ್ಮಿಯೇ ಬೇಕು, ಹಸಿಯಿದ್ದರೆ ಕೆತ್ತಿದ ಮೇಲೆ ಸೊಟ್ಟಗಾಗುತ್ತದೆ. ಕೈ ಹಿಡಿಯುವ ಸಣ್ಣ ಕತ್ತಿನ ಬಳಿ ಮರದ ಎಳೆ ಉದ್ದಕ್ಕೆ ಓಡಬೇಕು. ಅಡ್ಡ ಬಂದರೆ ಗುಂಡಿನ ಒದೆತಕ್ಕೆ ಅಲ್ಲೇ ಸೀಳುತ್ತದೆ. ಹೊರಗಿನ ಮೈಮಾಟ ನೋಡಿ ಮೆಚ್ಚುವವರಿಗೆ ಕಾಣದ ಕಷ್ಟವೆಲ್ಲ ಒಳಗಿದೆ. ಕಬ್ಬಿಣದ ಭಾಗಕ್ಕೆ ದೀಪದ ಮಸಿ ಹಚ್ಚಿ, ಮರದಲ್ಲಿ ಕೊರೆದ ಗುಳಿಯಲ್ಲಿ ಕೂರಿಸಿ ತೆಗೆಯುತ್ತಾರೆ. ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಕೂರಿಸುವುದು, ಮತ್ತೆ ಕೆರೆಯುವುದು. ಅವಸರಪಟ್ಟು ಒಂದು ಚೂರು ಹೆಚ್ಚು ತೆಗೆದರೆ ಹೋದ ಮರ ಹೋದಂತೆಯೇ. ಆಮೇಲೆ ಅರ, ಮರಳು ಕಾಗದ, ಅಗಸೆ ಎಣ್ಣೆ.

ಇಷ್ಟೆಲ್ಲ ಆದರೂ ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಯನ್ನು ಒತ್ತುತ್ತದೆ, ಗುರಿ ಜರುಗುತ್ತದೆ. ಬಂಗಾಳದ ಇಶಾಪುರದ ಕಾರ್ಖಾನೆಯ ಲೀ-ಎನ್‌ಫೀಲ್ಡ್ ರೈಫಲ್ಲುಗಳ ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹಾಕಿರುವುದನ್ನು ಕಾಣಬಹುದು, ಮರ ಸೀಳದಿರಲಿ ಎಂದು. ಸೇನೆಗಳು ಮರವನ್ನು ಬಿಟ್ಟದ್ದು ರುಚಿಗೇಡಿತನದಿಂದಲ್ಲ.

ಸೈನಿಕನ ಬಂದೂಕಿನ ಮರವೆಲ್ಲ ಕೈಯಲ್ಲಿ ಕೆತ್ತಿದ್ದು ಎಂಬ ನಂಬಿಕೆಗೂ ಬುಡವಿಲ್ಲ. 1819ರಲ್ಲೇ ಅಮೆರಿಕದ ಥಾಮಸ್ ಬ್ಲಾಂಚರ್ಡ್ ಮಾದರಿಯನ್ನು ಸವರಿಕೊಂಡು ಅದರಂತೆಯೇ ಸ್ಟಾಕ್ ಕಡೆಯುವ ಲೇತ್ ಮಾಡಿದ. 1850ರ ದಶಕದಲ್ಲಿ ಅಮೆರಿಕದ ಅಂಥ ಯಂತ್ರಗಳು ಇಂಗ್ಲೆಂಡಿನ ಎನ್‌ಫೀಲ್ಡ್‌ಗೂ ಬಂದವು. ಕೈಗೆ ಉಳಿದದ್ದು ಕೊನೆಯ ಹೊಂದಾಣಿಕೆ. ಲೀ-ಎನ್‌ಫೀಲ್ಡ್ ಬಟ್ಟುಗಳು ಉದ್ದ, ಸಾಧಾರಣ, ಗಿಡ್ಡ ಎಂದು ಅರ್ಧರ್ಧ ಇಂಚಿನ ಅಂತರದಲ್ಲಿ ಸಿದ್ಧವಾಗಿ ಸಿಗುತ್ತಿದ್ದವು, ಚಪ್ಪಲಿ ಅಂಗಡಿಯಲ್ಲಿ ಸಿಕ್ಕಂತೆ. ಕೈಲ್‌ಪೊಳ್ದಿಗೆ ಪೂಜೆಗಿಡುವ ಕೊಡಗಿನ ಹಳೆಯ ಕೋವಿಯ ಬಟ್ಟು ಒಡೆದರೆ ಕಥೆ ಬೇರೆ. ಅದೊಂದಕ್ಕೇ ಅಳತೆ ಮಾಡಿ ಕೆತ್ತಬೇಕು, ಆ ಕೆಲಸಕ್ಕೆ ಎಷ್ಟು ಬೆಲೆ ಕೊಟ್ಟರೂ ಸಲ್ಲುತ್ತದೆ. ತಕರಾರು ಇರುವುದು ಬೇರೆ ಕಡೆ.

ಬಾಲಾನಗರದಲ್ಲಿ 1968ರಿಂದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇದೆ. ಡೈ ಮತ್ತು ಅಚ್ಚು ಮಾಡುವುದನ್ನು ಕಲಿಸುತ್ತದೆ. ಆಚೀಚೆ ಸಣ್ಣ ಸಣ್ಣ ವರ್ಕ್‌ಶಾಪುಗಳು. ಸಿಎನ್‌ಸಿ ಯಂತ್ರ ಕಡೆದು ಕೊಟ್ಟರೆ ಅಚ್ಚು ಮುಗಿಯಿತು ಎಂದುಕೊಂಡವರು ಒಮ್ಮೆ ಫಿಟ್ಟರನ ಮೇಜಿನ ಪಕ್ಕ ನಿಲ್ಲಬೇಕು. ಅಚ್ಚಿನ ಎರಡು ಹೋಳು ಸಂದಿಲ್ಲದೆ ಕೂಡಬೇಕು. ಸಂದು ಉಳಿದರೆ ಕರಗಿದ ಪ್ಲಾಸ್ಟಿಕ್ ಅಲ್ಲಿ ನುಗ್ಗಿ, ಹೊರಬರುವ ಪ್ರತಿಯೊಂದು ಮಾಲಿನ ಅಂಚಿಗೂ ಪೊರೆ ಕಟ್ಟುತ್ತದೆ. ಅದಕ್ಕೇ ಫಿಟ್ಟರ್ ಒಂದು ಹೋಳಿಗೆ ತೆಳುವಾಗಿ ನೀಲಿ ಹಚ್ಚುತ್ತಾನೆ, ಮುಚ್ಚುತ್ತಾನೆ, ತೆರೆಯುತ್ತಾನೆ, ನೀಲಿ ಅಂಟಿದ ಕಡೆ ಮಾತ್ರ ಉಜ್ಜುತ್ತಾನೆ. ಮತ್ತೆ ನೀಲಿ. ಸ್ಟಾಕ್ ಕೆತ್ತುವವನ ಮಸಿಯೇ ಇದು, ಬಣ್ಣ ಮಾತ್ರ ಬೇರೆ. ಮರದಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಹೇಗೋ ನಡೆದೀತು, ಇಲ್ಲಿ ನಡೆಯುವುದಿಲ್ಲ. ಆಮೇಲೆ ಒಳಮೈಗೆ ಕಲ್ಲು ಹಾಕಿ, ವಜ್ರದ ಪೇಸ್ಟ್ ಹಾಕಿ ಹೊಳಪು ಕೊಡುವುದೂ ಬಹುಪಾಲು ಕೈಯಲ್ಲೇ.

ಸರಕಾರದ ಕಣ್ಣೂ ಅಭಿಮಾನಿಗಳ ಕಣ್ಣಿಗಿಂತ ಬೇರೆಯಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ ಇದ್ದಾನೆ, ಆಯುಧ ಮಾಡುವವನಿದ್ದಾನೆ, ಸುತ್ತಿಗೆ-ಸಲಕರಣೆ ಮಾಡುವವನೂ ಇದ್ದಾನೆ. ಅವರಿಗೆ ಸಲಕರಣೆಗೆ 15,000 ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ. ಅಚ್ಚಿನ ಫಿಟ್ಟರ್ ಆ ಪಟ್ಟಿಯಲ್ಲಿಲ್ಲ. ಬಾಡಿಗೆ ಶೆಡ್ಡಿನಲ್ಲಿ ಸ್ವಂತ ವೈಸ್ ಇಟ್ಟುಕೊಂಡು ಒಬ್ಬನೇ ದುಡಿಯುವವನೂ ಇಲ್ಲ.

ಇದು ಪರಂಪರೆಯಿಂದ ಬಂದ ಕಸುಬುಗಳ ಯೋಜನೆ, ಗುರು-ಶಿಷ್ಯ ಪರಂಪರೆಯನ್ನು ಉಳಿಸುವುದು ಇದರ ಗುರಿ ಎಂಬ ಸಮಜಾಯಿಷಿ ಸಿದ್ಧವಿದೆ. ಶೆಡ್ಡಿನಲ್ಲಿ ಉಸ್ತಾದರ ಪಕ್ಕ ವರ್ಷಗಟ್ಟಲೆ ನಿಂತು, ಬೈಸಿಕೊಂಡು, ನೀಲಿಯ ಕಲೆ ಓದುವುದನ್ನು ಕಲಿತ ಹುಡುಗ ಶಿಷ್ಯನಲ್ಲವೇ? ಅಜ್ಜ ಮಾಡಿದ್ದರೆ ಕುಶಲಕರ್ಮ, ತಾನೇ ಮೊದಲು ಕಲಿತರೆ ಕೂಲಿ ಎಂದಾದರೆ ಅಲ್ಲಿ ಅಳೆಯುತ್ತಿರುವುದು ಕೈಯನ್ನಲ್ಲ, ಕುಲವನ್ನು. ವಿಶ್ವಕರ್ಮ ಯೋಜನೆ ನಡೆಸುವುದು ಕೇಂದ್ರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯ. ಬಾಲಾನಗರದ ಸಂಸ್ಥೆ ಬರುವುದೂ ಅದೇ ಸಚಿವಾಲಯದ ಅಡಿಯಲ್ಲಿ. 19ನೆಯ ಕಸುಬೊಂದನ್ನು ಸೇರಿಸಲು ಕಡತ ಬೇರೆ ಇಲಾಖೆಯ ಮೇಜಿನಿಂದ ಶುರುವಾಗಬೇಕಿಲ್ಲ.